ಪರೀಕ್ಷೆ ಮಾಡದೆ ಚೆಲ್ಲಿದ ಹಾಲು

ಇದನ್ನು ಓದುವವರಲ್ಲಿ ಮೊದಲಿಗೇ ಒಂದು ವಿನಂತಿ. ನನಗೆ ವರದಿ ಬರೆದು ರೂಢಿಯಿದೆ, ಅನುಭವ ಬರೆದು ರೂಢಿಯಿಲ್ಲ. ಎಲ್ಲಾದರೂ ಪದ ತಪ್ಪಿದ್ದರೆ, ಅಥವಾ ಹೇಳಬೇಕಾದದ್ದನ್ನು ಬಿಟ್ಟು ಬೇರೆಯದನ್ನು ಹೆಚ್ಚು ಹೇಳಿದ್ದರೆ, ದಯವಿಟ್ಟು ತಿದ್ದಿಕೊಂಡು ಓದಬೇಕು. ವಿಷಯವೂ ಸಂಕೋಚದ್ದು. ಅಕ್ಷರ ಬಾರದ ನನ್ನ ಅತ್ತೆಯವರು ‘ಮೊಲೆ’ ಎಂಬ ಮಾತನ್ನು ಕೈ, ಕಾಲು ಎಂದಷ್ಟೇ ಸಲೀಸಾಗಿ ಆಡುತ್ತಾರೆ. ನಮ್ಮ ಮನೆತನದಲ್ಲಿ ಮೊದಲು ಪದವಿ ಪಡೆದವಳಾದ ನಾನು ‘ಎದೆಹಾಲು’ ಎಂದು ಬರೆಯುವ ಮುನ್ನವೂ ಒಮ್ಮೆ ಪೆನ್ನು ತಡೆದು ನಿಲ್ಲುತ್ತೇನೆ.

ನನ್ನ ಉದ್ಯೋಗ ಹಾಲಿನ ಗುಣಮಟ್ಟ ಪರೀಕ್ಷೆ. ತುಮಕೂರಿನ ಪ್ರಯೋಗಾಲಯವೊಂದರಲ್ಲಿ ನಾನು ತಾತ್ಕಾಲಿಕ ನೇಮಕದ ಮೇಲಿದ್ದೆ. ಹೆರಿಗೆ ರಜೆ ಮುಗಿದು ಹಾಜರಾದ ದಿನವೇ ನನಗೊಂದು ಹೊಣೆ ಬಂದಿತು. ಕುಣಿಗಲ್ ಸಮೀಪದ ಹಾಲು ಶೀತಲೀಕರಣ ಕೇಂದ್ರಕ್ಕೆ ಹುಲಿಯೂರುದುರ್ಗದ ಕಡೆಯಿಂದ ಬರುವ ಕ್ಯಾನುಗಳಲ್ಲಿ ಕೆಲವು ಪದೇ ಪದೇ ಹುಳಿಯಾಗುತ್ತಿದ್ದವು. ಆರು ವಾರ ಅಲ್ಲೇ ಕೆಲಸ ಮಾಡಿ ಕಾರಣ ಕಂಡುಹಿಡಿಯಬೇಕು. ಕಂಡುಹಿಡಿದರೆ ನೇಮಕ ಖಾಯಂ, ಬಿಟ್ಟುಬಂದರೆ ಅಲ್ಲಿಗೆ ಮುಕ್ತಾಯ.

ನಮ್ಮ ಮನೆ ಗುಬ್ಬಿಯಲ್ಲಿ. ಬೆಳಿಗ್ಗೆ ಆರಕ್ಕೆ ಹೊರಟು, ತುಮಕೂರಿನಲ್ಲಿ ಬಸ್ಸು ಬದಲಿಸಿ, ಗೂಳೂರಿನ ಮೇಲೆ ಹಾದು ಕುಣಿಗಲ್ ತಲುಪುವಷ್ಟರಲ್ಲಿ ಎಂಟೂವರೆ. ಮರಳಿ ಮನೆ ಸೇರುವಾಗ ಸಂಜೆ ನಾಲ್ಕೂವರೆ. ಮಗಳಿಗೆ ಆಗ ನಾಲ್ಕು ತಿಂಗಳು ತುಂಬಿ ಕೆಲವೇ ದಿನಗಳಾಗಿದ್ದವು. ಹತ್ತೂವರೆ ಗಂಟೆ ಅವಳು ನನ್ನಿಂದ ದೂರ ಇರಬೇಕಿತ್ತು. ಆರು ತಿಂಗಳವರೆಗೆ ಅವಳಿಗೆ ನನ್ನ ಹಾಲನ್ನಲ್ಲದೆ ಬೇರೇನೂ ಕೊಡಬಾರದೆಂಬುದು ನನ್ನ ಆಸೆ. ಕೆಲಸವೂ ಉಳಿಯಬೇಕೆಂಬುದು ಅದರಷ್ಟೇ ದೊಡ್ಡ ಆಸೆ. ಎರಡೂ ಒಟ್ಟಿಗೆ ನಡೆದೀತೆಂದು ಮನೆಯಲ್ಲಿ ಯಾರಿಗೂ ನಂಬಿಕೆಯಿರಲಿಲ್ಲ, ನಿಜ ಹೇಳಬೇಕೆಂದರೆ ನನಗೂ ಇರಲಿಲ್ಲ.

ಮೊದಲ ದಿನ ಹಿಂತಿರುಗುವಾಗ ಹೆಬ್ಬೂರು ದಾಟುವ ಮೊದಲೇ ಎದೆ ಕಲ್ಲಿನಂತೆ ಗಟ್ಟಿಯಾಯಿತು. ಬಸ್ಸು ಹಂಪಿನ ಮೇಲೆ ಎದ್ದುಬಿದ್ದಾಗಲೆಲ್ಲ ಕಣ್ಣಲ್ಲಿ ನೀರು ಬರುತ್ತಿತ್ತು. ತುಮಕೂರಿನ ನಿಲ್ದಾಣದಲ್ಲಿ ರವಿಕೆ ತೊಯ್ದು, ಸೆರಗನ್ನು ಎರಡು ಸುತ್ತು ಹೊದ್ದುಕೊಂಡು ನಿಂತೆ. ಮನೆಗೆ ಬಂದರೆ ಮಗಳು ಅತ್ತೂ ಅತ್ತೂ ಕೆಂಪಾಗಿದ್ದಳು. ಡಬ್ಬಿಯ ಪುಡಿ ಕಲಸಿ ಕೊಟ್ಟಿದ್ದನ್ನು ಅರ್ಧ ಕಕ್ಕಿದ್ದಳು, ಉಳಿದರ್ಧಕ್ಕೆ ಭೇದಿಯಾಗಿತ್ತು. ಕೈಚಾಚಿ ಎತ್ತಿಕೊಳ್ಳಹೋದರೆ ಅತ್ತೆಯವರು ಅಡ್ಡ ಬಂದರು.

“ತಡಿಯೇ. ಬಿಸ್ಲಾಗ್ ಬಂದಿದೀಯ. ಕಾದಾಲು ಕುಡ್ಸಬ್ಯಾಡ. ಮೊದ್ಲು ಒಂದಷ್ಟ್ ಹಿಂಡಿ ದಾಸವಾಳದ ಬುಡಕ್ಕೆ ಚೆಲ್ಲಿ ಬಾ.”

ಹೊರಗೆ ದುಡಿದು ಬಂದ ತಾಯಿಯ ಮೊದಲ ಹಾಲು ‘ಕಾದ ಹಾಲು’, ಅದು ಮಗುವಿಗೆ ಆಗದು, ಹಿಂಡಿ ಚೆಲ್ಲಿಯೇ ಕುಡಿಸಬೇಕು. ಇದು ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿರುವ ಕಟ್ಟಳೆ. ಇರುವೆ ಮುತ್ತುವ ಜಾಗದಲ್ಲಿ ಚೆಲ್ಲಬಾರದು, ಗಿಡದ ಬುಡಕ್ಕೇ ಹಾಕಬೇಕು. ದೇಹದೊಳಗಿನ ಹಾಲು ಬಿಸಿಲಿಗೆ ಕಾಯುವುದಿಲ್ಲವೆಂದು ನಾನು ಓದಿ ಬಲ್ಲೆ. ಆದರೆ ಓದಿದ್ದೇನೆಂದು ತೋರಿಸಿಕೊಳ್ಳುವುದು ನನಗೆ ಅತ್ತೆಯವರ ಮುಂದೆ ಎಂದೂ ಸಾಧ್ಯವಾಗಿಲ್ಲ. ಮಗಳು ಒಳಗೆ ಅರಚುತ್ತಿದ್ದಂತೆಯೇ ಹಿತ್ತಿಲಲ್ಲಿ ಕುಳಿತು ಹಿಂಡಿ ಚೆಲ್ಲಿದೆ.

ಎರಡನೆಯ ದಿನ ಬಸ್ಸಿನಲ್ಲಿ ಕುಳಿತು ಒಂದು ಲೆಕ್ಕ ಹಾಕಿದೆ. ದಿನವೂ ನೂರಾರು ಮನೆಗಳ ಹಾಲು ಕೆಡದಂತೆ ಊರಿಂದೂರಿಗೆ ಹೋಗುತ್ತಿದೆ. ಅದರ ಕ್ರಮ ನನಗೆ ಬಾಯಿಪಾಠ. ಶುದ್ಧವಾದ ಪಾತ್ರೆ, ಶುದ್ಧವಾದ ಕೈ, ಕರೆದ ತಕ್ಷಣ ತಂಪು, ತಂಪು ಕೆಡದಂತೆ ಸಾಗಣೆ. ಒಂದು ಹೆಂಗಸಿನ ಹಾಲನ್ನು ಕುಣಿಗಲ್‌ನಿಂದ ಗುಬ್ಬಿಗೆ ಹಾಗೆ ಒಯ್ಯಲಾಗದೇ?

ಅದಕ್ಕೆ ಬಾಗಿಲಿರುವ ಒಂದು ಕೋಣೆ ಬೇಕಿತ್ತು. ಕೇಂದ್ರದ ಮೇಲ್ವಿಚಾರಕರು ನಿವೃತ್ತಿಯ ಅಂಚಿನಲ್ಲಿದ್ದ ಮಿತಭಾಷಿ. ಬಾಯಲ್ಲಿ ಕೇಳಲು ಧೈರ್ಯ ಬಾರದೆ ಅರ್ಜಿ ಬರೆದೆ. ‘ವಿಷಯ: ಕರ್ತವ್ಯದ ಅವಧಿಯಲ್ಲಿ ಶಿಶುಪೋಷಣೆಯ ಸಲುವಾಗಿ ಎರಡು ಬಾರಿ ಕೊಠಡಿ ಬಳಕೆಗೆ ಅನುಮತಿ ಕೋರಿ.’ ಮೂರು ಸಲ ತಿದ್ದಿ ನಾಲ್ಕನೆಯ ಪ್ರತಿಯನ್ನು ಅವರ ಮೇಜಿನ ಮೇಲಿಟ್ಟೆ. ಅವರು ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೊಮ್ಮೆ ಓದಿದರು.

“ಶಿಶುಪೋಷಣೆ ಅಂದ್ರೆ... ಮಗೂಗೆ ಹಾಲಾ?”

“ಹೌದು ಸರ್.”

“ಅಷ್ಟ್ ಬರೀಬೋದಿತ್ತಲ್ಲಮ್ಮ. ನಾನ್ ಏನೋ ಟ್ರಾನ್ಸ್‌ಫರ್ ಕೇಳ್ತಿದೀಯ ಅಂತ ಹೆದರ್ಕೊಂಡೆ.” ಅರ್ಜಿಯನ್ನು ಮಡಿಸಿ ನನ್ನ ಕೈಗೇ ಕೊಟ್ಟರು. “ಇದೆಲ್ಲ ಫೈಲಿಗ್ ಹಾಕೋದಲ್ಲ. ಹಿಂದ್ಗಡೆ ಸ್ಟೇಷನರಿ ರೂಮ್ ಐತೆ. ಕೀ ತಗೋ. ಒಳ್ಗಿಂದ ಚಿಲಕ ಇಲ್ಲ, ಹಾಕ್ಸ್ಕೊಡ್ತೀನಿ.”

ಅಂದು ಮಧ್ಯಾಹ್ನವೇ ಚಿಲಕ ಬಂತು.

ಕ್ರಮ ಹೀಗಿತ್ತು. ಹತ್ತೇ ಮುಕ್ಕಾಲಿಗೆ ಬೆಳಗಿನ ಕ್ಯಾನುಗಳೆಲ್ಲ ಮುಗಿಯುತ್ತಿದ್ದವು. ಮೊಣಕೈವರೆಗೆ ಸೋಪು ಹಾಕಿ ತೊಳೆದು, ಮನೆಯಿಂದ ಕುದಿಸಿ ತಂದ ಸ್ಟೀಲ್ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು, ಮೊದಲು ಬಿಸಿನೀರಿನ ಬಟ್ಟೆಯಿಂದ ಶಾಖ ಕೊಟ್ಟು, ಆಮೇಲೆ ಹೆಬ್ಬೆರಳು ಮತ್ತು ತೋರುಬೆರಳುಗಳಿಂದ ಹಿಂದಕ್ಕೆ ಒತ್ತಿ ಹಿಂಡಬೇಕು. ಎಳೆಯಬಾರದು, ಒತ್ತಬೇಕು. ಮೊದಲ ಎರಡು ನಿಮಿಷ ಹನಿ, ಅನಂತರ ಧಾರೆ. ಮತ್ತೊಮ್ಮೆ ಹೊರಡುವ ಮುನ್ನ, ಒಂದೂ ಕಾಲಿಗೆ. ಬಾಟಲಿಗೆ ಚೀಟಿ ಅಂಟಿಸಿ ಸಮಯ ಬರೆದು, ಹೊಸದಾಗಿ ಕೊಂಡ ಸಣ್ಣ ಪೆಟ್ಟಿಗೆಯಲ್ಲಿ ಐಸ್ ಪ್ಯಾಕುಗಳ ನಡುವೆ ಇಡುತ್ತಿದ್ದೆ. ಮನೆಯ ಫ್ರಿಜ್ಜಿಗೆ ಹೋದ ಹಾಲು ಮರುದಿನ ಮಗಳಿಗೆ.

ಕ್ಯಾನು ತೊಳೆಯುವ ಹೆಂಗಸೊಬ್ಬರಿದ್ದರು. ಹುಲಿಯೂರುದುರ್ಗದ ರಸ್ತೆಯ ಒಂದು ಹಳ್ಳಿಯವರು, ನಾಲ್ಕು ಮಕ್ಕಳ ತಾಯಿ. ನಾನು ಪೆಟ್ಟಿಗೆ ಹಿಡಿದು ಹೊರಬಂದಾಗ ಬ್ರಷ್ ನಿಲ್ಲಿಸಿ ಕೇಳಿದರು.

“ಮೇಡಮ್ಮೋರೆ, ನೀವ್ ಯಾವ್ ರೂಟು? ಬೆಳಗಿನ ಹಾಲೋ, ಸಂಜೇದೋ?”

“ಎರಡೂ,” ಎಂದೆ.

“ಫ್ಯಾಟ್ ಎಷ್ಟ್ ಬಂತು?”

ಆ ಕೇಂದ್ರಕ್ಕೆ ಬಂದ ಮೇಲೆ ನಾನು ಮೊದಲ ಬಾರಿ ಬಾಯಿಬಿಟ್ಟು ನಕ್ಕದ್ದು ಆಗ.

ಬಸ್ಸಿನಲ್ಲಿ ಪೆಟ್ಟಿಗೆ ನನ್ನ ತೊಡೆಯ ಮೇಲೆಯೇ. ಕಂಡಕ್ಟರ್ ಬಾಗಿ ನೋಡಿದರು. “ಏನಮ್ಮ ಅದು, ಮೀನಾ? ವಾಸ್ನೆ ಬಂದ್ರೆ ಇಳಿಸ್ಬುಡ್ತೀನಿ.”

“ಹಾಲಿನ ಸ್ಯಾಂಪಲ್.”

“ಯಾವೂರ್ ಡೈರೀದು?”

“ಗುಬ್ಬೀದು,” ಎಂದೆ. ಸುಳ್ಳು ಹೇಳಿದಂತಾಗಲಿಲ್ಲವೆಂದು ಸಮಾಧಾನ ಮಾಡಿಕೊಂಡೆ.

ಇಷ್ಟಾದ ಮೇಲೆ ಎಲ್ಲವೂ ಸರಿಯಾಯಿತೆಂದು ತಿಳಿದಿದ್ದೆ. ಮರುದಿನ ಸಂಜೆ ಮನೆಗೆ ಬಂದರೆ ಎರಡು ಬಾಟಲಿಗಳೂ ಹಾಗೆಯೇ ಇದ್ದವು.

“ಒಳಲೇಲಿ ಹಾಕುದ್ರೆ ಥೂ ಅಂತ ಉಗುಳ್ತಾಳೆ,” ಎಂದರು ಅತ್ತೆ. ಮೂತಿಯಿರುವ ಆ ಪುಟ್ಟ ಬೆಳ್ಳಿಯ ಒಳಲೆ ನನ್ನ ಗಂಡನಿಗೂ ಹಾಲು ಕುಡಿಸಿದ್ದು. “ನೀನೇ ಮೂಸ್ ನೋಡು. ಸೋಪ್‌ನೀರ್ ಇದ್ದಂಗೈತೆ.”

ಮೂಸಿದೆ. ನಿಜ. ಸೋಪಿನಂಥ, ಕೊಂಚ ಲೋಹದಂಥ ವಾಸನೆ. ನನ್ನ ಕೆಲಸದಲ್ಲಿ ಮೂಗೇ ಮೊದಲ ಉಪಕರಣ. ಕ್ಯಾನಿನ ಮುಚ್ಚಳ ತೆಗೆದ ಕ್ಷಣದಲ್ಲಿ ಬರುವ ವಾಸನೆಯಿಂದಲೇ ಅದನ್ನು ಪಕ್ಕಕ್ಕಿಡಬೇಕೋ ಬೇಡವೋ ಎಂದು ತೀರ್ಮಾನಿಸುತ್ತೇವೆ. ನಾನು ಎರಡೂ ಬಾಟಲಿಗಳನ್ನು ದಾಸವಾಳದ ಬುಡಕ್ಕೆ ಸುರಿದೆ. ಬಾಟಲಿ ಸರಿಯಾಗಿ ತೊಳೆದಿರಲಿಲ್ಲವೇನೋ ಎಂದು ಮರುದಿನ ಎರಡು ಸಲ ಕುದಿಸಿದೆ. ಮತ್ತೆ ಅದೇ ವಾಸನೆ. ಐಸ್ ಪ್ಯಾಕ್ ಹೆಚ್ಚಿಸಿದೆ. ಅದೇ. ನಾಲ್ಕು ದಿನದ ಹಾಲು ಗಿಡಕ್ಕೆ ಹೋಯಿತು. ಒಂದೊಂದು ಬಾಟಲಿಯ ಹಿಂದೆಯೂ ಚಿಲಕ ಹಾಕಿದ ಕೋಣೆಯಲ್ಲಿ ಬೆರಳು ಸೋಲುವವರೆಗೆ ಹಿಂಡಿದ ಅರ್ಧ ಗಂಟೆಯಿತ್ತು. ಮಗಳು ಮತ್ತೆ ಪುಡಿಯ ಹಾಲಿಗೆ ಬಿದ್ದಳು, ಭೇದಿ ಮರುಕಳಿಸಿತು, ತೂಕ ಏರದೆ ನಿಂತಿತು.

“ಎಷ್ಟ್ ಜನ ಮಕ್ಳು ಪೌಡ್ರಲ್ಲೇ ಬೆಳೀತಾವೆ, ಬುಡು,” ಎಂದರು ಅತ್ತೆ. ಅದು ಕೊಂಕಲ್ಲ, ನನ್ನ ಮುಖ ನೋಡಲಾರದೆ ಆಡಿದ ಮಾತು. ಆದರೆ ನಮ್ಮ ಮಗುವಿಗೆ ಪುಡಿ ಒಗ್ಗುತ್ತಿರಲಿಲ್ಲವೆಂಬುದು ಅವರಿಗೂ ಗೊತ್ತಿತ್ತು.

ಐದನೆಯ ದಿನ ಭಾನುವಾರ. ಕುಣಿಗಲ್‌ನ ಹೊಣೆಯಿಂದ ಬಿಡುಗಡೆ ಕೋರಿ ಪತ್ರ ಬರೆದೆ. ಈ ಸಲ ತಿದ್ದಬೇಕಾಗಲಿಲ್ಲ, ಮೊದಲ ಪ್ರತಿಯೇ ಸರಿಯಾಗಿತ್ತು. ನನ್ನ ಗಂಡ ಕ್ಯಾತ್ಸಂದ್ರದ ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಪತ್ರವನ್ನು ಓದಿ, ಮೇಜಿನ ಮೇಲಿಟ್ಟು, ಅದರ ಮೇಲೆ ಮಗಳ ಗಿಲಕಿಯನ್ನು ಭಾರವಾಗಿಟ್ಟರು.

“ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಯಾರೋ ಒಬ್ಬ ಹಾಲ್ ತರ್ತಾನೆ. ವಾಸ್ನೆ ಬಂತು. ಏನ್ ಮಾಡ್ತೀಯ?”

“ಪಕ್ಕಕ್ಕಿಡ್ತೀನಿ.”

“ಆಮೇಲೆ?”

“ಟೆಸ್ಟ್ ಮಾಡ್ತೀನಿ. ಅವರ ಕಣ್ಣೆದುರಿಗೇ ಮಾಡ್ಬೇಕು. ಬರೀ ಮೂಸಿ ವಾಪಸ್ ಕಳ್ಸೋ ಹಾಗಿಲ್ಲ.”

“ಮತ್ತೆ ನಿನ್ ಹಾಲ್ನ ಬರೀ ಮೂಸ್ಬುಟ್ಟು ಚೆಲ್ತಿದೀಯಲ್ಲ. ನಾನ್ ಎಂಜಿನ್ ಸೌಂಡ್ ಕೇಳ್ಬುಟ್ಟು ಗುಜರಿಗ್ ಹಾಕು ಅಂದ್ರೆ ಕಸ್ಟಮರ್ ಬುಡ್ತಾನಾ?”

ನನಗೆ ನಾಚಿಕೆಯಾಯಿತು. ಊರವರ ಹಾಲಿಗೆ ಕೊಡುತ್ತಿದ್ದ ನ್ಯಾಯವನ್ನು ನನ್ನ ಹಾಲಿಗೆ ನಾನು ಕೊಟ್ಟಿರಲಿಲ್ಲ. ಇತರರ ಹಾಲು ಕೆಟ್ಟಿದೆಯೆಂದು ಹೇಳಲು ಪುರಾವೆ ಬೇಕು, ನನ್ನದು ಕೆಟ್ಟಿದೆಯೆಂದು ನಂಬಲು ಏನೂ ಬೇಕಿರಲಿಲ್ಲ.

ಸೋಮವಾರ, ಶನಿವಾರ ಹಿಂಡಿದ್ದು ಇನ್ನೂ ಚೆಲ್ಲದೆ ಫ್ರಿಜ್ಜಿನಲ್ಲಿ ಎರಡು ದಿನ ಇದ್ದ ಬಾಟಲಿಯೊಂದನ್ನು ಐಸಿನ ನಡುವೆ ಕುಣಿಗಲ್‌ಗೆ ಒಯ್ದೆ. ಕೇಂದ್ರದ ಉಪಕರಣವನ್ನು ಸ್ವಂತಕ್ಕೆ ಬಳಸಬಹುದೇ ಎಂದು ಮೇಲ್ವಿಚಾರಕರನ್ನು ಕೇಳಿದೆ. “ಒಂದ್ ಟ್ಯೂಬು, ಒಂದ್ ದೀಪ. ಅದುಕ್ಕೂ ಅರ್ಜಿ ಬರ್ದಿದೀಯೇನು?” ಎಂದರು. ಬರೆದಿರಲಿಲ್ಲ.

ಪರೀಕ್ಷಾ ನಳಿಕೆಗೆ ಒಂದಿಷ್ಟು ಹಾಲು ಹಾಕಿ ಸ್ಪಿರಿಟ್ ದೀಪದ ಮೇಲೆ ಹಿಡಿದೆ. ಹುಳಿಗೆ ತಿರುಗಿದ ಹಾಲಾದರೆ ಕುದಿ ಬರುತ್ತಿದ್ದಂತೆ ಒಡೆದು, ಗಾಜಿನ ಒಳಮೈಗೆ ಕಣ ಕಣವಾಗಿ ಹತ್ತಿಕೊಳ್ಳುತ್ತದೆ. ಈ ಒಂದೂವರೆ ನಿಮಿಷವನ್ನು ನಾನು ಸಾವಿರಾರು ಸಲ ನೋಡಿದ್ದೇನೆ. ಕುದಿಯಿತು. ನಳಿಕೆಯನ್ನು ಓರೆ ಮಾಡಿ ಬೆಳಕಿಗೆ ಹಿಡಿದೆ. ಗಾಜು ತಿಳಿಯಾಗಿತ್ತು. ಒಂದು ಕಣವೂ ಇರಲಿಲ್ಲ.

ಬಾಗಿಲಲ್ಲಿ ಕ್ಯಾನು ತೊಳೆಯುವಾಕೆ ನಿಂತಿದ್ದರು. ಚೆಲ್ಲಿದ ಕತೆಯನ್ನು ಬೆಳಿಗ್ಗೆಯೇ ಅವರಿಗೆ ಹೇಳಿದ್ದೆ. “ಪಾಸೋ ಫೇಲೋ?”

“ಪಾಸು.”

“ಮತ್ಯಾಕವ್ವ ಅಷ್ಟೊಂದ್ ಚೆಲ್ಲುದ್ರಿ?”

ಹುಳಿಯಾಗದೆ ಸೋಪಿನ ವಾಸನೆ ಬರುವ ಕಾರಣ ಆಗ ಹೊಳೆಯಿತು. ಹಾಲಿನಲ್ಲಿ ಕೊಬ್ಬನ್ನು ಒಡೆಯುವ ಒಂದು ಕಿಣ್ವವಿರುತ್ತದೆ. ಕೆಲವು ತಾಯಂದಿರಲ್ಲಿ ಅದು ಚುರುಕು. ತಂಪಿನಲ್ಲಿಟ್ಟರೂ ನಿಧಾನವಾಗಿ ಕೆಲಸ ಮಾಡುತ್ತಲೇ ಇರುತ್ತದೆ, ಬಿಸಿ ತಾಗಿದರೆ ಮಾತ್ರ ನಿಲ್ಲುತ್ತದೆ. ಪದವಿಯ ಪರೀಕ್ಷೆಗೆ ಇದನ್ನು ಓದಿ ಬರೆದು ಅಂಕ ಪಡೆದಿದ್ದೆ, ಅದು ನನ್ನೊಳಗೂ ಇದ್ದೀತೆಂದು ಎಂದೂ ಯೋಚಿಸಿರಲಿಲ್ಲ. ನನ್ನ ಊಹೆಯ ಮೇಲೆಯೇ ನಡೆಯಬಾರದೆಂದು ಮಗಳಿಗೆ ಚುಚ್ಚುಮದ್ದು ಹಾಕುವ ಗುಬ್ಬಿಯ ದಾದಿಯವರನ್ನು ಕೇಳಿದೆ. ಅವರು ಮಕ್ಕಳ ವೈದ್ಯರನ್ನು ವಿಚಾರಿಸಿ, ಆ ಹಾಲು ಕೆಟ್ಟದ್ದಲ್ಲ, ಮಗು ರುಚಿ ಒಲ್ಲದಿದ್ದರೆ ಹಿಂಡಿದ ಕೂಡಲೇ ಹದವಾಗಿ ಬಿಸಿ ಮಾಡಿ ತಣಿಸಿಡಬಹುದು, ಮನೆಯಲ್ಲಿರುವಾಗ ನೇರವಾಗಿ ಕುಡಿಸಿ ಎಂದು ತಿಳಿಸಿದರು.

ಹೀಗೆ ಕ್ರಮಕ್ಕೆ ಒಂದು ಹಂತ ಸೇರಿತು. ಬಟ್ಟಲನ್ನು ಸಣ್ಣ ಉರಿಯ ಮೇಲಿಟ್ಟು, ಅಂಚಿನಲ್ಲಿ ಸಾಸಿವೆ ಗಾತ್ರದ ಗುಳ್ಳೆಗಳು ಏಳುತ್ತಿದ್ದಂತೆ ಇಳಿಸಬೇಕು. ಕುದಿಯಬಾರದು. ತಕ್ಷಣ ಐಸ್‌ನೀರಿನಲ್ಲಿ ಕೂರಿಸಿ ತಿರುಗಿಸುತ್ತಾ ತಣಿಸಬೇಕು. ಆಮೇಲೆ ಬಾಟಲಿ, ಚೀಟಿ, ಪೆಟ್ಟಿಗೆ.

ಇದನ್ನು ಅತ್ತೆಯವರಿಗೆ ವಿವರಿಸಿದಾಗ ಅವರು ಸೊಂಟದ ಮೇಲೆ ಕೈಯಿಟ್ಟರು. “ಕಾದಾಲು ಆಗಲ್ಲ, ಆಗಲ್ಲ ಅಂತ ನಾನ್ ಬಡ್ಕೊಂಡ್ರೆ, ಇವ್ಳು ಕಾಸ್ಕೊಂಡೇ ತಂದವ್ಳೆ.”

ಅಂದು ಏಕೋ ಕೇಳಿಬಿಟ್ಟೆ. “ಅತ್ತೆ, ಕಾದ ಹಾಲು ಅಂದ್ರೆ ಬಿಸಿಲಿಗೆ ಕಾದದ್ದಾ? ಇಲ್ಲಾ ಮಗೂಗೋಸ್ಕರ ಕಾದದ್ದಾ?”

ಒಳಲೆ ಒರೆಸುತ್ತಿದ್ದ ಅವರ ಕೈ ನಿಂತಿತು. “ನಮ್ಮತ್ತೆ ಅನ್ನೋರು. ರಾಗಿ ಹೊಲ್ದಾಗೆ ಕಳೆ ಕೀಳಕ್ಕೋಗಿ ಹೊತ್ ಮೀರುದ್ರೆ ಎದೆ ಕಟ್ಕೊಳದು. ಕಾದದೆ, ಹಿಂಡಾಕು ಅನ್ನೋರು. ಯಾವ ಕಾದದ್ದು ಅಂತ ನಾನ್ ಕೇಳಿಲ್ಲ. ಆವಾಗ ಕೇಳೋ ಹಂಗಿತ್ತಾ?” ಒಳಲೆಯನ್ನು ಮತ್ತೆ ಒರೆಸುತ್ತಾ ತಾವೇ ಹೇಳಿದರು, “ಕಟ್ಕೊಂಡಿದ್ದು ನೋವಿಗೆ ಹಿಂಡ್ತಿದ್ರೇನೋ. ಬಿಸ್ಲು ಆಮ್ಯಾಕ್ ಸೇರ್ಕೊಂಡಿರ್ಬೇಕು.”

ಬಾಟಲಿ ತೆರೆದು ಮೂಸಿದರು. ಅಂಗೈಗೆ ಒಂದು ತೊಟ್ಟು ಹಾಕಿಕೊಂಡು ನೆಕ್ಕಿ ನೋಡಿದರು. ಮಗಳನ್ನು ಮಡಿಲಿಗೆ ಹಾಕಿಕೊಂಡು ಒಳಲೆಯ ಮೂತಿಯನ್ನು ತುಟಿಗಿಟ್ಟರು. ಅವಳು ಮುಖ ಕಿವುಚಿದಳು, ಅನಂತರ ನುಂಗಿದಳು. ಒಳಲೆ ಎರಡನೆಯ ಸಲ ತುಂಬಿತು, ಮೂರನೆಯ ಸಲವೂ ತುಂಬಿತು.

“ಕುಡುದ್ಳು ಕಣೇ,” ಎಂದರು ಅತ್ತೆ, ತಲೆ ಎತ್ತದೆ.

ಅಂದಿನಿಂದ ನಾನು ಕೆಲಸದಿಂದ ಬಂದೊಡನೆ ಚೆಲ್ಲುವುದು ನಿಂತಿತು. ಬದಲಿಗೆ ಕೈಕಾಲು ತೊಳೆದು, ಅತ್ತೆಯವರು ಕೊಟ್ಟ ಒಂದು ಚೊಂಬು ನೀರನ್ನು ಪೂರ್ತಿ ಕುಡಿದು, ಐದು ನಿಮಿಷ ನೆರಳಲ್ಲಿ ಕೂರಬೇಕೆಂಬ ಕಟ್ಟಳೆ ಬಂತು. ಇದು ಅವರೇ ಮಾಡಿದ ತಿದ್ದುಪಡಿ. ನನಗೆ ಅದರಲ್ಲಿ ಆಕ್ಷೇಪವಿರಲಿಲ್ಲ.

‘ಕಾದ ಹಾಲು’ ಎಂಬ ಆ ಮಾತು ಕೆಲಸದಲ್ಲಿಯೂ ನನ್ನನ್ನು ಬಿಡಲಿಲ್ಲ. ಅಲ್ಲಿಯವರೆಗೆ ನಾನು ಹುಳಿ ಕ್ಯಾನುಗಳ ತೊಳೆತ, ಮುಚ್ಚಳದ ರಬ್ಬರು, ಪಾತ್ರೆಯ ಬಿರುಕು ಇವನ್ನೇ ಹುಡುಕುತ್ತಿದ್ದೆ. ಹಾಲು ಎಲ್ಲಿ ಎಷ್ಟು ಹೊತ್ತು ಕಾಯುತ್ತದೆಂದು ನೋಡಿರಲಿಲ್ಲ. ನೋಡಬೇಕಾದರೆ, ರೈತರು ಕೇಂದ್ರದ ವ್ಯಾನಿಗಾಗಿ ಕ್ಯಾನು ತಂದಿಡುವ ಹುಲಿಯೂರುದುರ್ಗದ ರಸ್ತೆಯ ನಿಲ್ದಾಣದಲ್ಲಿ ಬೆಳಿಗ್ಗೆ ಆರೂವರೆಗೇ ಇರಬೇಕು. ಹಿಂದಿನ ದಿನವೇ ಹೋಗಿ ಕ್ಯಾನು ತೊಳೆಯುವಾಕೆಯ ಮನೆಯಲ್ಲಿ ಉಳಿಯುವುದೆಂದು ತೀರ್ಮಾನವಾಯಿತು. ಮಗಳನ್ನು ಕರೆದುಕೊಂಡೇ ಹೊರಟೆ.

ಗೂಳೂರು ದಾಟುವಷ್ಟರಲ್ಲಿ ಅವಳಿಗೆ ಹಸಿವಾಯಿತು. ತುಂಬಿದ ಬಸ್ಸು. ಅದುವರೆಗೆ ಬಸ್ಸಿನಲ್ಲಿ ಹಾಲುಣಿಸುವ ಹೆಂಗಸರನ್ನು ಕಂಡಾಗ ನಾನೇ ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದೆ. ಮಗಳ ಅಳು ಏರಿದಾಗ ಕಂಡಕ್ಟರ್ ಬಂದರು. ಅದೇ ಮೀನಿನ ಕಂಡಕ್ಟರ್. ಕಿಟಕಿಯ ಸೀಟಿನಲ್ಲಿದ್ದ ಯುವಕನ ಭುಜ ತಟ್ಟಿದರು. “ಏಳಪ್ಪ, ಮಗೀಗ್ ಊಟದ್ ಟೈಮು.” ನಾನು ಅಲ್ಲಿ ಕುಳಿತು ಕಿಟಕಿಯ ಕಡೆ ತಿರುಗಿ, ನೂಲಿನ ಸೆರಗು ಹೊದ್ದು, ಬಸ್ಸಿನ ಕುಲುಕಾಟಕ್ಕೆ ಮೊಣಕಾಲನ್ನು ಮುಂದಿನ ಸೀಟಿಗೆ ಒತ್ತಿಕೊಂಡು ಕುಡಿಸಿದೆ. ಕುಣಿಗಲ್ ಬರುವವರೆಗೆ ಯಾರೂ ನನ್ನನ್ನು ನೋಡಲಿಲ್ಲ, ಅಥವಾ ನೋಡಿದರೂ ನನಗೆ ಅದು ಮುಖ್ಯವೆನಿಸಲಿಲ್ಲ.

ಮರುದಿನ ಬೆಳಿಗ್ಗೆ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಮಗಳಿಗೆ ಹಾಲುಣಿಸುತ್ತಾ, ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು, ಒಂದೊಂದು ಕ್ಯಾನು ಬಂದ ಸಮಯವನ್ನು ಬರೆದುಕೊಂಡೆ. ಮೊದಲ ಕ್ಯಾನು ಆರೂ ನಲವತ್ತಕ್ಕೆ ಬಂದಿತು. ವ್ಯಾನು ಬಂದದ್ದು ಎಂಟೂ ಹತ್ತಕ್ಕೆ. ಒಂದೂವರೆ ಗಂಟೆ ಆ ಕ್ಯಾನುಗಳು ಮೂಡಣದ ಬಿಸಿಲಿಗೆ ಮೈಯೊಡ್ಡಿ ನಿಂತಿದ್ದವು. ಹಾಲು ತಂದಿದ್ದ ರೈತರೊಬ್ಬರು ನನ್ನನ್ನೂ ಥರ್ಮಾಮೀಟರನ್ನೂ ನೋಡಿ, “ಮೇಡಂ ಒಂದ್ ಕೈಯಾಗ್ ಡ್ಯೂಟಿ, ಒಂದ್ ಕೈಯಾಗ್ ಮನೆ,” ಎಂದು ಪಕ್ಕದವರಿಗೆ ಹೇಳಿದರು. ಅದನ್ನು ಕೇಳಿದಾಗ ನಾನು ಬೆನ್ನು ನೆಟ್ಟಗೆ ಮಾಡಿ ಕುಳಿತೆ. ಇಷ್ಟನ್ನು ಒಪ್ಪಿಕೊಳ್ಳುವುದು ತಪ್ಪಲ್ಲವೆಂದು ಭಾವಿಸುತ್ತೇನೆ.

ಉಳಿದ ನಿಲ್ದಾಣಗಳಲ್ಲಿ ಮರದ ನೆರಳಿದ್ದುದರಿಂದ, ವ್ಯಾನಿನ ದಾರಿಯನ್ನು ತಿರುವುಮುರುವು ಮಾಡಿ, ಆ ನಿಲ್ದಾಣವನ್ನು ಮೊದಲು ಮುಟ್ಟುವಂತೆ ವರದಿ ಕೊಟ್ಟೆ. ಐದನೆಯ ವಾರದಲ್ಲಿ ಹುಳಿ ಕ್ಯಾನುಗಳು ನಿಂತವು. ಮೇಲ್ವಿಚಾರಕರು ವರದಿಯ ಕೆಳಗೆ ಸಹಿ ಹಾಕಿ, “ಇದನ್ನ ಮಾತ್ರ ಫೈಲಿಗ್ ಹಾಕ್ತೀನಿ,” ಎಂದರು.

ಇನ್ನು ನಮ್ಮ ಮನೆಯಲ್ಲಿ ಏನು ಬದಲಾಯಿತೆಂಬುದನ್ನು ನೇರವಾಗಿ ಹೇಳಿ ಮುಗಿಸುತ್ತೇನೆ. ನನ್ನ ನೇಮಕ ಖಾಯಂ ಆಯಿತು. ಮಗಳು ಆರು ತಿಂಗಳವರೆಗೆ ಮತ್ತೆ ಪುಡಿಯ ಹಾಲು ಮುಟ್ಟಲಿಲ್ಲ, ರಾಗಿ ಸರಿ ಶುರುವಾದ ಮೇಲೆಯೂ ಒಂದೂವರೆ ವರ್ಷದವರೆಗೆ ನನ್ನ ಹಾಲು ಕುಡಿದಳು. ನನ್ನ ಗಂಡನ ತಂಗಿ ಮಗುವಾದ ಮೇಲೆ ಬಿ.ಎಡ್. ಬಿಟ್ಟಿದ್ದಳು. ಈ ವರ್ಷ ಅವಳು ಮತ್ತೆ ತುಮಕೂರಿನ ಕಾಲೇಜಿಗೆ ಹೋಗುತ್ತಿದ್ದಾಳೆ. ಅವಳು ಬೆಳಿಗ್ಗೆ ಎರಡು ಬಾಟಲಿ ಹಾಲು ಇಟ್ಟು ಹೊರಡುತ್ತಾಳೆ, ಅತ್ತೆಯವರು ಅವಳ ಐದು ತಿಂಗಳ ಮಗನಿಗೆ ಅದನ್ನು ಕುಡಿಸುತ್ತಾರೆ. ಅವಳನ್ನು ಮರಳಿ ಕಾಲೇಜಿಗೆ ಕಳುಹಿಸೋಣವೆಂದು ಮನೆಯಲ್ಲಿ ಮೊದಲು ಹೇಳಿದವರು ಅತ್ತೆಯವರೇ.